ಆಮ್ಲ ಮುಟ್ಟದ ತಗಡು

ಗೆಂಟ್ ಊರಿನ ಕಾಲುವೆ ಬದಿಯ ಆ ಅಚ್ಚಿನ ಮನೆಯಲ್ಲಿ ನಲವತ್ತು ವರ್ಷ ನಡೆದದ್ದು ಒಂದೇ ಕಟ್ಟಳೆ. ತಗಡಿಗೆ ಬಳಿದ ಕಪ್ಪು ಮೇಣವನ್ನು ಸೂಜಿಯಿಂದ ಗೀರಿ ಅಕ್ಕ ಗೋಡೆಲೀವ್ ಚಿತ್ರ ಬರೆಯಬೇಕು. ತಮ್ಮ ಲೀವೆನ್ ಅದನ್ನು ನೈಟ್ರಿಕ್ ಆಮ್ಲದ ತಟ್ಟೆಗೆ ಇಳಿಸಬೇಕು. ಗೀರಿದ ಕಡೆಯಲ್ಲೆಲ್ಲ ಆಮ್ಲ ಲೋಹವನ್ನು ಕಚ್ಚುತ್ತದೆ. ಆ ಹಳ್ಳಗಳಿಗೆ ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಚಿತ್ರ. ಸಾಕು ಎನ್ನುವ ಹಕ್ಕು ಮಾತ್ರ ಅಕ್ಕನದು. ಅವಳು ಬಾಯಿ ಬಿಡದೆ ಇವನು ತಗಡು ಎತ್ತುವಂತಿರಲಿಲ್ಲ.

ಅಕ್ಕ ತೀರಿಹೋಗಿ ಮೂರು ತಿಂಗಳಾಗಿತ್ತು. ಅವಳು ಕೊನೆಗೆ ಬರೆದಿಟ್ಟ ಅಂಗೈಯಗಲದ ತಗಡೊಂದು ಉಳಿದಿತ್ತು. ಅದರಲ್ಲಿ ಅವರ ಅಡುಗೆಮನೆ, ಮೇಜು, ಎರಡು ಕುರ್ಚಿ. ಅದನ್ನೊಮ್ಮೆ ಕಾಗದದ ಮೇಲೆ ಕಾಣಬೇಕೆಂದು ಲೀವೆನ್ ಹಂಬಲಿಸುತ್ತಿದ್ದ. ಆದರೆ ಹೆಚ್ಚು ಕಚ್ಚಿದರೆ ಗೆರೆಗೆ ಗೆರೆ ಕೂಡಿ ಎಲ್ಲ ಬರೀ ಮಸಿ. ಇನ್ನೊಂದು ಬರೆದುಕೊಡಲು ಅವಳೆಲ್ಲಿದ್ದಾಳೆ?

ಶನಿವಾರ ಬೆಳಿಗ್ಗೆ ಧೈರ್ಯ ಮಾಡಿದ. ಗೆರೆಗಳೊಳಗೆ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಸತುವೇ ಇರಬೇಕು ಎಂದುಕೊಂಡ. ಸತುವಿನದು ಆತುರದ ಬುದ್ಧಿ, ಆಮ್ಲ ತಾಕಿದ್ದೇ ಬುಸುಗುಟ್ಟುತ್ತದೆ. ಅದಕ್ಕೇ ತೆಳ್ಳಗೆ ಬೆರೆಸಿ ಇಳಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಇನ್ನಷ್ಟು ಆಮ್ಲ ಸುರಿದ, ಮತ್ತೂ ಸುರಿದ. ಆಮ್ಲವೇ ಕೆಟ್ಟಿದೆಯೇನೋ ಎಂದು ಅದನ್ನೇ ಬಟ್ಟಲಿಗೆ ತೆಗೆದು ತಾಮ್ರದ ಚೂರು ಹಾಕಿದರೆ ಕಂದು ಹೊಗೆ ಎದ್ದು ನೀರು ಹಸಿರುನೀಲಿಯಾಯಿತು. ಸತುವಿನ ಚೂರಂತೂ ಕುದಿದು ಕರಗಿಯೇ ಹೋಯಿತು. ಅಕ್ಕನ ತಗಡು ಮಾತ್ರ ಯಾವುದಕ್ಕೂ ಜಗ್ಗದೆ ಬಿದ್ದಿತ್ತು.

"ಏನು ಮಾಡ್ಲಿ ಅಕ್ಕ?" ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟ.

ಅಷ್ಟರಲ್ಲಿ ತಗಡು ಮಾರುವ ಗೆಳೆಯ ಫಿರ್ಮಿನ್ ಶನಿವಾರದ ಕಾಫಿಗೆಂದು ಮೂಗು ಮುಚ್ಚಿಕೊಂಡು ಒಳಗೆ ಬಂದ.

"ಏನೋ ಇದು ಹೊಗೆ? ಸಾಯೋಕೆ ಹೊರಟಿದ್ದೀಯಾ? ಕಿಟಕಿ ತೆಗಿ ಮಾರಾಯ!"

"ಈ ಸತು ಕಚ್ತಾನೇ ಇಲ್ಲ ಕಣೋ. ಎಂಥಾ ದರಿದ್ರ ಮಾಲು ಕೊಟ್ಟಿದ್ದೆ ಅಕ್ಕಂಗೆ?"

ಫಿರ್ಮಿನ್ ತಟ್ಟೆಯೊಳಗೆ ಇಣುಕಿದ. ಅವನ ಮುಖ ಇಳಿಯಿತು.

"ಅದು ಸತು ಅಲ್ಲ, ಅಲ್ಯೂಮಿನಿಯಂ. ಈ ಆಸಿಡ್ಡು ಅದನ್ನ ಮುಟ್ಟಲ್ಲ. ಗೊತ್ತಿದ್ದೇ ತಗೊಂಡ್ಲು ನಿಮ್ಮಕ್ಕ."

"ಯಾಕೆ?"

"ಬೇಜಾರು ಮಾಡ್ಕೋಬೇಡ. ‘ನಾನು ಹೋದ್ಮೇಲೆ ಒಬ್ನೇ ಇಳಿಸ್ತಾನೆ, ಯಾವಾಗ ಎತ್ಬೇಕು ಅಂತ ತಿಳಿಯಲ್ಲ ಅವನಿಗೆ’ ಅಂದ್ಲು."

ಲೀವೆನ್‌ಗೆ ರೇಗಿಹೋಯಿತು. ನಲವತ್ತು ವರ್ಷ ಕೈ ಸುಟ್ಟುಕೊಂಡವನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ? ಸತ್ತವಳನ್ನು ಬಾಯಿತುಂಬ ಬೈಯಬೇಕೆಂದು ಹೊರಟವನ ಕಣ್ಣು ಗಡಿಯಾರದ ಮೇಲೆ ಬಿತ್ತು. ಇಳಿಸಿ ಒಂದು ಗಂಟೆ ದಾಟಿತ್ತು. ಸತುವಿನ ಚೂರನ್ನು ನುಂಗಿದ ಅದೇ ಆಮ್ಲದಲ್ಲಿ ಒಂದು ಗಂಟೆ! ಅಷ್ಟು ಹೊತ್ತೂ ಎತ್ತಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

"ಇದಕ್ಕೂ ಮದ್ದಿದೆ," ಎಂದ ಫಿರ್ಮಿನ್. "ಮೈಲುತುತ್ತ, ಉಪ್ಪು. ಐದೇ ನಿಮಿಷಕ್ಕೆ ಕಚ್ಚುತ್ತೆ. ತಂದ್ಕೊಡ್ಲಾ?"

"ಬೇಡ ಕಣೋ," ಎಂದ ಲೀವೆನ್. "ಅವಳು ಹೇಳಿದ್ದೇ ಸರಿ. ಹಾಳು ಮಾಡ್ಬಿಡ್ತೀನಿ ನಾನು."

ಅಷ್ಟು ಹೇಳಿ, ಗೆಳೆಯ ಎದುರಿಗೇ ಇದ್ದಾನೆ ಎಂಬುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತ.