ಮಿಸ್ ಯೂಲಾಲಿಯ ರಬ್ಬರ್ ಬೂಟು

ಕಡಲ ತೀರದ ನಮ್ಮ ಊರು ಮ್ಯಾಂಗೋ ಪಾಯಿಂಟಿನಲ್ಲಿ ಎರಡು ಸಂಗತಿಗಳನ್ನು ನಂಬುವಂತಿಲ್ಲ. ಒಂದು, ಲಿಮೋನ್ ಪಟ್ಟಣದಿಂದ ಬರುವ ಹತ್ತು ಗಂಟೆಯ ಬಸ್ಸು. ಇನ್ನೊಂದು, ಆಗಸ್ಟ್ ತಿಂಗಳ ಬಿಸಿಲು. ಬೆಳಗ್ಗೆ ಬಟ್ಟೆ ಒಣಹಾಕಿದರೆ ಮಧ್ಯಾಹ್ನಕ್ಕೆ ಅದನ್ನು ಮತ್ತೆ ಹಿಂಡಬೇಕು. ಇನ್ನು ಕೋಕೋ ಬೀಜ ಒಣಗಿಸುವವರ ಪಾಡು ಕೇಳಲೇಬೇಡಿ.

ಅದಕ್ಕೇ ನಮ್ಮ ಹಿರಿಯರು ಒಂದು ಉಪಾಯ ಮಾಡಿದ್ದರು. ಬೀಜ ಹರಡಲು ಮರದ ಹಲಗೆಯ ಎತ್ತರದ ಕಟ್ಟೆ, ಅದರ ಮೇಲೆ ತಗಡಿನ ಛಾವಣಿ, ಆ ಛಾವಣಿಗೆ ಚಕ್ರ. ಬಿಸಿಲಿದ್ದಾಗ ಹಳಿಯ ಮೇಲೆ ಆಚೆ ತಳ್ಳುವುದು, ಮಳೆ ಬಂದಾಗ ಬೀಜದ ಮೇಲಕ್ಕೆ ಎಳೆದುಕೊಳ್ಳುವುದು. ಮಳೆಯ ವಾಸನೆ ಮೊದಲು ಯಾರಿಗೆ ಬರುತ್ತದೋ ಅವರು "ಛಾವಣಿ" ಎಂದು ಕೂಗಬೇಕು. ಕೇಳಿಸಿದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು. ಯಾರ ಕೋಕೋ ಎಂದು ನೋಡುವ ಹಾಗಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಪಕ್ಕಪಕ್ಕ ನಿಂತು ಛಾವಣಿ ತಳ್ಳುತ್ತಿದ್ದರು. ತಳ್ಳಿ ಮುಗಿಸಿ, ಮತ್ತೆ ಮುಖ ತಿರುಗಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಆಮೇಲೆ ಕೋಕೋ ಗಿಡಗಳಿಗೆ ರೋಗ ಬಂತು, ತೋಟಗಳು ಹಾಳಾದವು, ಕಟ್ಟೆಗಳು ಸೌದೆಯಾದವು. ಆರು ವರ್ಷದ ಹಿಂದೆ ಊರಿಗೊಂದು ಚಾಕೊಲೇಟ್ ಕಾರ್ಖಾನೆ ಬಂದಾಗ ಹಳೆಯ ಮಾದರಿಯಲ್ಲೇ ಒಂದು ದೊಡ್ಡ ಕಟ್ಟೆ ಕಟ್ಟಿಸಿದರು. ನಮ್ಮ ಊರಿನ ಹನ್ನೊಂದು ಹೆಂಗಸರಿಗೆ ಅಲ್ಲಿ ಕೆಲಸ ಸಿಕ್ಕಿತು. ಅವರಲ್ಲಿ ಮಾರ್ಲಿಟ್ ಒಬ್ಬಳು. ಎಂಬತ್ತು ದಾಟಿದ ಮಿಸ್ ಯೂಲಾಲಿಯ ಮೊಮ್ಮಗಳು.

ಒಂದು ಸಂಜೆ ಮಾರ್ಲಿಟ್ ಕೆಲಸದಿಂದ ಬಂದವಳೇ ಹೊಸ ಚಾಕೊಲೇಟೊಂದನ್ನು ಅಜ್ಜಿಯ ಮುಂದೆ ಇಟ್ಟಳು. ಹೊದಿಕೆಯ ಮೇಲೆ ಒಬ್ಬ ಕಪ್ಪು ಹೆಂಗಸಿನ ಚಿತ್ರ. ನಿರಿಗೆ ನಿರಿಗೆಯ ಬಣ್ಣದ ಲಂಗ, ತಲೆಯ ಮೇಲೆ ಬುಟ್ಟಿ, ಬರಿಗಾಲು, ಬಾಯಿ ತುಂಬ ನಗು.

ಮಿಸ್ ಯೂಲಾಲಿ ಕನ್ನಡಕ ಹಾಕಿಕೊಂಡರು. "ಇವಳ್ಯಾರೇ?"

"ನೀನೇ ಅಜ್ಜಿ. ಚರ್ಚ್ ಹಾಲಲ್ಲಿ ನಿನ್ನ ಹಳೇ ಫೋಟೋ ಇತ್ತಲ್ಲ, ಅದನ್ನ ನೋಡಿ ಬರೆಸಿದ್ದಾರೆ."

"ನಂಗೆ ಯಾವ ಕಾಲದಲ್ಲಿ ಇಷ್ಟೊಂದು ಹಲ್ಲಿತ್ತು?"

"ಚೆನ್ನಾಗಿ ಕಾಣ್ಲಿ ಅಂತ ಹಾಕಿರ್ತಾರೆ."

"ಈ ಲಂಗ ಹಾಕ್ಕೊಂಡು ತೋಟಕ್ಕೆ ಹೋಗಿದ್ರೆ ಸೊಳ್ಳೆಗಳು ನನ್ನ ಮೊಣಕಾಲನ್ನೇ ಹೊತ್ಕೊಂಡು ಹೋಗ್ತಿದ್ವು. ನಿನ್ನ ತಾತನ ಹಳೇ ಪ್ಯಾಂಟು, ರಬ್ಬರ್ ಬೂಟು, ಇಷ್ಟೇ ನಾನು ಹಾಕಿದ್ದು. ಇರ್ಲಿ, ಹೆಸರೆಲ್ಲಿ?"

"ಹೆಸರಿಲ್ಲ. 'ಕೋಕೋ ಅಜ್ಜಿ' ಅಂತ ಹಾಕಿದ್ದಾರೆ."

"ಟೀಚರ್ ಎನಿಡ್ ಮನೆ ನಾಯಿಗೂ ಒಂದು ಹೆಸರಿದೆ" ಎಂದು ಮಿಸ್ ಯೂಲಾಲಿ ಚಾಕೊಲೇಟನ್ನು ದೂರ ಸರಿಸಿದರು.

ಮಾರ್ಲಿಟ್ ಮೆಲ್ಲಗೆ ಉಳಿದದ್ದನ್ನೂ ಹೇಳಿದಳು. ಆಗಸ್ಟ್ ಮೂವತ್ತೊಂದು ಕಪ್ಪು ಜನರ ದಿನ. ಕಾರ್ಖಾನೆಯಲ್ಲಿ ಈ ಸಲ ದೊಡ್ಡದಾಗಿ ಆಚರಿಸುತ್ತಾರೆ. ಹನ್ನೊಂದು ಹೆಂಗಸರೂ ಕುಣಿಯಬೇಕು. ರಜೆಯ ದಿನ ಮನೆಯಲ್ಲೇ ತೆಂಗಿನ ಹಾಲಿನ ಅನ್ನ ಮತ್ತು ಬೀನ್ಸ್ ಕಾಳು ಬೇಯಿಸಿ ತರಬೇಕು. ಅಜ್ಜಿ ಚಿತ್ರದಲ್ಲಿರುವ ಹಾಗೇ ಲಂಗ ಉಟ್ಟು, ಬುಟ್ಟಿ ಹೊತ್ತು ವೇದಿಕೆಯ ಮೇಲೆ ಕೂರಬೇಕು.

"ಕುಣಿಯೋಕೆ ಹನ್ನೊಂದು ಜನ. ಸರಿ. ಮಂಗಳವಾರ ಕಾರ್ಖಾನೆ ದೊಡ್ಡವರ ಮೀಟಿಂಗ್ ಆಗತ್ತಲ್ಲ, ಅದಕ್ಕೆ ನಿಮ್ಮಲ್ಲಿ ಎಷ್ಟು ಜನ ಹೋಗ್ತೀರಿ?"

ಮಾರ್ಲಿಟ್ ಅಜ್ಜಿ ದೂರ ಸರಿಸಿದ ಚಾಕೊಲೇಟನ್ನು ಎತ್ತಿಟ್ಟಳು.

"ನಾನು ಬರಲ್ಲ. ಒಂದು ದಿನ ಡೋಲು ಬಡಿದು, ಮಿಕ್ಕ ದಿನ ನಮ್ಮನ್ನ ಗೋಡೆ ಅಂದ್ಕೊಳ್ಳೋರ ಹಬ್ಬ ನನಗ್ಯಾಕೆ?"

"ಅಜ್ಜಿ, ಕಟ್ಟೆ ಮೇಲ್ವಿಚಾರಕ ಎಸ್ತೆಬಾನ್ ಈ ತಿಂಗಳ ಕೊನೇಲಿ ಕೆಲಸ ಬಿಡ್ತಾನೆ. ಆ ಜಾಗಕ್ಕೆ ನಾನು ಅರ್ಜಿ ಹಾಕಿದ್ದೀನಿ, ಗೊತ್ತಲ್ಲ. ಎರಡು ಸಲ ಹೊರಗಿನವರನ್ನ ತಗೊಂಡ್ರು. ಇಬ್ಬರಿಗೂ ಕೆಲಸ ಕಲಿಸಿದ್ದು ನಾನೇ. ಈಗ ನೀನು ಬರಲ್ಲ ಅಂದ್ರೆ ನಮ್ಮ ಸಾಹೇಬ್ರು ದೊನ್ ಹೆರ್ನಾನ್ ಬೇಜಾರು ಮಾಡ್ಕೋತಾರೆ. ಮೂರನೇ ಸಲವೂ ಹೋಗತ್ತೆ."

ಅಜ್ಜಿ ಮೊಮ್ಮಗಳ ಮುಖ ನೋಡಿದರು. ಬರುತ್ತೇನೆ ಎನ್ನಲು ಮನಸ್ಸಿಲ್ಲ, ಬರುವುದಿಲ್ಲ ಎನ್ನಲು ಬಾಯಿಲ್ಲ. ಎದ್ದು ಹೋಗಿ ಸುಮ್ಮನೆ ಬಾಳೆಕಾಯಿ ಹುರಿಯತೊಡಗಿದರು. ಬೇಜಾರಾದಾಗಲೆಲ್ಲ ಅವರು ಬಾಳೆಕಾಯಿ ಹುರಿಯುತ್ತಾರೆ. ಆವತ್ತು ಎರಡು ತಟ್ಟೆ ತುಂಬಿತು.

ಮರುದಿನ ಟೀಚರ್ ಎನಿಡ್ ಬಂದರು. ನಮ್ಮ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಈಗ ಊರಿನ ರೇಡಿಯೋದಲ್ಲಿ ಶನಿವಾರ ಮಾತಾಡುತ್ತಾರೆ. ಒಣದ್ರಾಕ್ಷಿ ಹಾಕಿದ ಸಿಹಿ ರೊಟ್ಟಿ, ನಮ್ಮ ಪಾನ್ ಬೊನ್, ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದರು. ವರಾಂಡದಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡರು.

"ಯೂಲಾಲಿ, ನೀನು ಮುನಿಸ್ಕೊಂಡಿರೋದು ಸರಿ. ಮುನಿಸ್ಕೊಂಡು ಮನೇಲಿ ಕೂತಿರೋದು ತಪ್ಪು" ಎಂದರು.

"ಹೋಗಿ ಲಂಗ ಉಟ್ಕೋಬೇಕಾ?"

"ಹೋಗಿ ಬಾಯಿ ಬಿಡ್ಬೇಕು. ಹಬ್ಬ ಬೇಡ ಅನ್ಬೇಡ. ಹಬ್ಬ ಹೆಂಗಿರಬೇಕು ಅಂತ ಹೇಳು."

"ನನ್ನ ಮಾತು ಯಾರು ಕೇಳ್ತಾರೆ ಎನಿಡ್? ನಮ್ಮಪ್ಪನ ಮನೆತನ ಈ ದೇಶಕ್ಕೆ ರೈಲು ಹಳಿ ಹಾಕ್ತು. ಈ ದೇಶದವರು ಅಂತ ಅವರಿಗೆ ಕಾಗದ ಸಿಕ್ಕಿದ್ದು ನಾನು ಹುಟ್ಟಿ ಎಷ್ಟೋ ವರ್ಷ ಆದ್ಮೇಲೆ."

"ನೋಡು, ಈಗ ಹೇಳಿದ್ಯಲ್ಲ, ಅದೇ ಚರಿತ್ರೆ. ಕಪ್ಪು ಜನರ ಚರಿತ್ರೆ ಅಂದ್ರೆ ದೂರ ದೇಶದ ದೊಡ್ಡವರ ಫೋಟೋ ಗೋಡೆಗೆ ಅಂಟಿಸೋದು ಮಾತ್ರ ಅಲ್ಲ. ಹೋದ ವರ್ಷ ಕಾರ್ಖಾನೇಲಿ ಒಂಬತ್ತು ಫೋಟೋ ಹಾಕಿದ್ರು. ಅದರಲ್ಲಿ ಒಬ್ಬರೂ ಲಿಮೋನಿನವರಲ್ಲ. ಈ ಛಾವಣಿಗೆ ಚಕ್ರ ಹಾಕಿದವರು ಯಾರು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ದೇ ಇದ್ರೆ ಕೇಳ್ಬೇಕು."

"ಕೇಳ್ಬೇಕು ಅಂತಾನೇ ಅವರಿಗೆ ಗೊತ್ತಿಲ್ವೇ. ನಮ್ಮ ಶಾಲೇಲೂ ಹಿಂಗೇ ಇತ್ತು. ಮಕ್ಕಳ ಮುಖಕ್ಕೆ ಬಣ್ಣ ಬಳಿದು ಕುಣಿಸೋರು. ನಾವು ನಾಲ್ಕು ಜನ ಹೋಗಿ ಮಾತಾಡಿದ ಮೇಲೆ ಊರಿನ ಅಜ್ಜ ಅಜ್ಜಿಯರನ್ನ ತರಗತಿಗೆ ಕರೆಸಿ ಮಾತಾಡ್ಸಿದ್ರು. ಬರೀ ಆಗಸ್ಟಲ್ಲಿ ಅಲ್ಲ, ವರ್ಷ ಪೂರ್ತಿ."

"ಮತ್ತೆ ಮಾರ್ಲಿಟ್ ಕೆಲಸ?"

"ಅದನ್ನೂ ಅಲ್ಲೇ ಕೇಳೋಣ. ನಮ್ಮನ್ನ ಹೊಗಳ್ತೀವಿ ಅಂತ ಒಂದು ದಿನ ಇಟ್ಕೊಂಡಿದ್ದಾರಲ್ಲ, ಹೊಗಳಿಕೆ ಜೊತೆ ಕುರ್ಚಿನೂ ಕೊಡ್ತೀರಾ ಅಂತ ಕೇಳೋದು."

"ಅವರು ಕೇಳಲಿಲ್ಲ ಅಂದ್ರೆ?"

"ಹೋಗಲ್ಲ ಅಂದ್ರೆ ನನ್ನ ಪಾನ್ ಬೊನ್ ವಾಪಸ್ ಕೊಡು."

"ಅರ್ಧ ತಿಂದಾಯ್ತು" ಎಂದರು ಮಿಸ್ ಯೂಲಾಲಿ. ಹಾಗಾಗಿ ಹೋಗಲೇಬೇಕಾಯಿತು.

ಮಂಗಳವಾರ ಮೀಟಿಂಗಿನ ಹೊತ್ತಿಗೇ ಇಬ್ಬರೂ ಕಾರ್ಖಾನೆಗೆ ಹೋದರು. ಮಿಸ್ ಯೂಲಾಲಿ ಭಾನುವಾರದ ಟೋಪಿ ಹಾಕಿಕೊಂಡಿದ್ದರು, ಕಾಲಿಗೆ ಮಾತ್ರ ಹಳೆಯ ರಬ್ಬರ್ ಬೂಟು.

ಕಾರ್ಖಾನೆಯ ಮುಖ್ಯಸ್ಥ ಹೆರ್ನಾನ್, ಮರ್ಯಾದೆಗೆ ದೊನ್ ಹೆರ್ನಾನ್, ರಾಜಧಾನಿ ಸಾನ್ ಹೋಸೆಯಿಂದ ಬಂದವರು. ಕೆಟ್ಟವರಲ್ಲ. ಎಲ್ಲವನ್ನೂ ತಾವೇ ಯೋಚಿಸಿ ಮುಗಿಸಿಬಿಡುವ ಮನುಷ್ಯ, ಅಷ್ಟೇ. ಎದ್ದು ಕುರ್ಚಿ ಎಳೆದುಕೊಟ್ಟರು, ಕಾಫಿ ತರಿಸಿದರು, ಆಮೇಲೆ ಸಂಭ್ರಮದಿಂದ ಹಬ್ಬದ ಲಂಗ ತಂದು ಹರಡಿ ತೋರಿಸಿದರು.

"ಅಳತೆ ಸರಿ ಇದೆಯಾ ನೋಡಿ, ಮಿಸ್ ಯೂಲಾಲಿ."

"ಅಳತೆ ಸರಿ ಇದೆ ದೊನ್ ಹೆರ್ನಾನ್. ಹೆಂಗಸೇ ಬೇರೆ. ನಾನು ಈ ಬೂಟು ಹಾಕ್ಕೊಂಡು ನಲವತ್ತು ವರ್ಷ ಕೋಕೋ ಕೊಯ್ದೆ. ನಿಮ್ಮ ಕಾಗದದ ಮೇಲೆ ಯಾರೋ ನಗ್ತಿದ್ದಾಳೆ. ನನ್ನ ಮುಖ ಎರವಲು ತಗೊಂಡಿದ್ದಾಳೆ, ಒಂದು ಮಾತು ಕೇಳ್ಲಿಲ್ಲ."

ದೊನ್ ಹೆರ್ನಾನ್ ಕೆಂಪಗಾದರು. "ಗೌರವ ಕೊಡೋಣ ಅಂತಾನೇ ಮಾಡಿದ್ದು."

"ಗೌರವ ಅಂದ್ರೆ ಮೊದಲು ಕೇಳೋದು" ಎಂದರು ಟೀಚರ್ ಎನಿಡ್. "ಚಿತ್ರ ಹಾಕೋ ಮೊದಲು ಒಪ್ಪಿಗೆ. ಹಾಕಿದ ಮೇಲೆ ಹೆಸರು. ಹಬ್ಬದ ಅಡುಗೆ ಕೆಲಸವೇ ಅಲ್ವಾ, ಅದು ಕೆಲಸದ ಹೊತ್ತಿನಲ್ಲೇ ಆಗ್ಲಿ. ಮತ್ತೆ, ಈ ಮೇಜಿನ ಸುತ್ತ ಏಳು ಜನ ಕೂತಿದ್ದೀರಿ. ಕಟ್ಟೆ ಮೇಲೆ ಕೆಲಸ ಮಾಡೋರು ಒಬ್ಬರೂ ಇಲ್ಲ."

"ಮಾರ್ಲಿಟ್ ಅರ್ಜಿ ನೋಡಿದ್ದೀನಿ ಟೀಚರ್. ಒಳ್ಳೇ ಕೆಲಸಗಾತಿ. ಆದ್ರೆ ಮೇಲ್ವಿಚಾರಣೆಗೆ ಓದಿದ ಸರ್ಟಿಫಿಕೇಟ್ ಇರೋರು ಬೇಕು, ಹಾಗಂತ ನಿಯಮ..."

ಅಷ್ಟರಲ್ಲಿ ಮಿಸ್ ಯೂಲಾಲಿ ತಲೆ ಎತ್ತಿದರು. ಕಿಟಕಿಯಿಂದ ಗಾಳಿ ಬಂದಿತ್ತು. ಕಡಲ ಕಡೆಯಿಂದಲ್ಲ, ಬೆಟ್ಟದ ಕಡೆಯಿಂದ.

"ಛಾವಣಿ" ಎಂದರು.

ಯಾರೂ ಏಳಲಿಲ್ಲ. ಹೊರಗೆ ಬಿಸಿಲು ಬೆಳಗುತ್ತಿತ್ತು. ದೊನ್ ಹೆರ್ನಾನ್ ಫೋನು ತೋರಿಸಿದರು. "ಇವತ್ತು ಮಳೆ ಇಲ್ಲ, ಇದರಲ್ಲಿ ಬರೆದಿದೆ. ಅದೂ ಅಲ್ಲದೆ ಎಸ್ತೆಬಾನ್ ಹೇಳಿದ್ರೆ ಮಾತ್ರ ಛಾವಣಿ ಸರಿಸ್ಬೇಕು. ಅವನು ಹಬ್ಬಕ್ಕೆ ಬಲೂನು ತರೋಕೆ ಲಿಮೋನಿಗೆ ಹೋಗಿದ್ದಾನೆ."

ಮಿಸ್ ಯೂಲಾಲಿ ಎದ್ದು ಕಿಟಕಿಯ ಹತ್ತಿರ ಹೋಗಿ, ಐವತ್ತು ವರ್ಷದ ಹಿಂದೆ ಕೂಗುತ್ತಿದ್ದ ಹಾಗೆ ಕೂಗಿದರು. "ಛಾವಣೀ..."

ಕಟ್ಟೆಯ ಮೇಲೆ ಮಾರ್ಲಿಟ್ ತಿರುಗಿ ನೋಡಿದಳು. ಅವಳ ಮೂಗಿಗೂ ಆ ವಾಸನೆ ಆಗಲೇ ಬಂದಿತ್ತು. ಆದರೆ ಎಸ್ತೆಬಾನ್ ಇಲ್ಲದೆ ಮುಟ್ಟಬಾರದು. ಮುಟ್ಟಿದರೆ ಅರ್ಜಿ ಹೋದಂತೆಯೇ. ಮುಟ್ಟದಿದ್ದರೆ ಇಡೀ ವಾರದ ಕೋಕೋ ಹೋಗುತ್ತದೆ. ಅವಳು ಒಂದು ಉಸಿರು ನಿಂತಳು. ಆಮೇಲೆ ಬೀಜ ಕೆದರುವ ಕುಂಟೆ ಬಿಸಾಡಿ ಓಡಿದಳು. ಹತ್ತು ಹೆಂಗಸರೂ ಹಿಂದೆ ಓಡಿದರು.

ಛಾವಣಿ ಅರ್ಧ ಸರಿದು ನಿಂತುಬಿಟ್ಟಿತು. "ಎಡಗಡೆ ಕೊನೇ ಚಕ್ರ ಎತ್ತಿ ತಳ್ರಿ" ಎಂದು ಕೂಗುತ್ತ ಮಿಸ್ ಯೂಲಾಲಿ ಅಂಗಳಕ್ಕೆ ಬಂದರು. ಮೊದಲ ಹನಿ ತಗಡಿನ ಮೇಲೆ ಟಪ್ಪೆಂದಾಗ ದೊನ್ ಹೆರ್ನಾನ್ ಮೀಟಿಂಗಿನವರನ್ನೆಲ್ಲ ಕರೆದುಕೊಂಡು ಓಡಿಬಂದರು. ಪಾಲಿಶ್ ಹಾಕಿದ ಬೂಟಿನಲ್ಲಿ ಕೆಸರಿಗೆ ಇಳಿದು, ಮಾರ್ಲಿಟ್ ಪಕ್ಕದಲ್ಲಿ ಭುಜ ಕೊಟ್ಟರು. ಛಾವಣಿ ಗಡಗಡ ಎಂದು ಕೊನೆ ಮುಟ್ಟಿತು. ಮಳೆ ಸುರಿಯಿತು.

ಎಲ್ಲರೂ ಕಟ್ಟೆಯ ಅಂಚಿನಲ್ಲಿ ಒತ್ತೊತ್ತಾಗಿ ನಿಂತರು. ದೊನ್ ಹೆರ್ನಾನ್ ಒದ್ದೆ ಫೋನು ನೋಡಿದರು. "ಇದರಲ್ಲಿ ಇನ್ನೂ ಬಿಸಿಲಿದೆ."

"ಅದು ಸಾನ್ ಹೋಸೆ ಬಿಸಿಲಿರಬೇಕು" ಎಂದರು ಮಿಸ್ ಯೂಲಾಲಿ. ಹೆಂಗಸರೆಲ್ಲ ನಕ್ಕರು. ದೊನ್ ಹೆರ್ನಾನ್ ಕೂಡ ನಕ್ಕರು.

"ಮಳೆ ಬರತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ಆರು ವರ್ಷದಲ್ಲಿ ಅವರು ನಮ್ಮವರನ್ನು ಕೇಳಿದ ಮೊದಲ ಪ್ರಶ್ನೆ ಅದು.

"ನನ್ನನ್ನ ಕೇಳ್ಬೇಡಿ, ನಂಗೆ ವಯಸ್ಸಾಯ್ತು. ಇವಳನ್ನ ಕೇಳಿ. ನಾನೇ ಕಲಿಸಿದ್ದು."

ಮಾರ್ಲಿಟ್ ಹೇಳಿದಳು. ಬೆಟ್ಟದ ಗಾಳಿಯ ವಾಸನೆ ಹೇಳಿದಳು, ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಚಟಪಟ ಸದ್ದು ಕೇಳಿ ಒಣಗಿದ್ದನ್ನು ತಿಳಿಯುವುದನ್ನು ಹೇಳಿದಳು, ಎಡಗಡೆಯ ಚಕ್ರ ಎರಡು ವರ್ಷದಿಂದ ಸಿಕ್ಕಿಕೊಳ್ಳುತ್ತಿದೆ ಎಂದೂ ಹೇಳಿದಳು.

"ಎರಡು ವರ್ಷದಿಂದಲಾ? ನನಗೆ ಯಾಕೆ ಹೇಳಲಿಲ್ಲ?"

"ಮೀಟಿಂಗಿಗೆ ನಮ್ಮನ್ನ ಕರೆಯಲ್ವಲ್ಲ ಸರ್."

ದೊನ್ ಹೆರ್ನಾನ್ ಬಗ್ಗಿ ಆ ಚಕ್ರ ನೋಡಿದರು. ಮಳೆ ನಿಲ್ಲುವವರೆಗೂ ಕೇಳುತ್ತಲೇ ಇದ್ದರು.

ಆ ವರ್ಷದ ಆಗಸ್ಟ್ ಮೂವತ್ತೊಂದನ್ನು ನೀವು ನೋಡಬೇಕಿತ್ತು. ಅಡುಗೆ ಕಾರ್ಖಾನೆಯ ಅಡುಗೆಮನೆಯಲ್ಲೇ ಆಯಿತು, ಕೆಲಸದ ಹೊತ್ತಿನಲ್ಲೇ. ಸಾನ್ ಹೋಸೆಯಿಂದ ಬಂದವರು ಕೂತು ತೆಂಗಿನಕಾಯಿ ತುರಿದರು, ಕೈ ತರಚಿಕೊಂಡರು, ಬೈಸಿಕೊಂಡರು. ಗೋಡೆಯ ಮೇಲೆ ದೂರ ದೇಶದವರ ಜೊತೆ ನಮ್ಮ ಊರಿನವರ ಫೋಟೋಗಳೂ ಬಂದವು. ಛಾವಣಿಗೆ ಮೊದಲು ಚಕ್ರ ಹಾಕಿದ ಬಡಗಿ, ಹಳಿ ಹಾಕಿದ ಮುತ್ತಜ್ಜ, ಬಾಣಂತಿಯರನ್ನು ನೋಡಿಕೊಂಡ ಸೂಲಗಿತ್ತಿ. ಪ್ರತಿಯೊಂದರ ಕೆಳಗೂ ಹೆಸರು. ಕುಣಿಯುವ ಮನಸ್ಸಿದ್ದವರು ಕುಣಿದರು. ಮನಸ್ಸಿಲ್ಲದ ಮೂವರು ಹಾಯಾಗಿ ಕೂತು ಶುಂಠಿ ಪಾನಕ ಕುಡಿದರು.

ಮಾರ್ಲಿಟ್ ಕೊರಳಲ್ಲಿ ಮೇಲ್ವಿಚಾರಕಿಯ ಸೀಟಿ ತೂಗುತ್ತಿತ್ತು. ಸರ್ಟಿಫಿಕೇಟಿನ ಓದಿಗೆ ಕಾರ್ಖಾನೆಯೇ ಅವಳನ್ನು ಕಳಿಸುತ್ತದೆ. ಮಂಗಳವಾರದ ಮೀಟಿಂಗಿನಲ್ಲಿ ಈಗ ಅವಳದೂ ಕಟ್ಟೆಯ ಇನ್ನೊಬ್ಬ ಹೆಂಗಸಿನದೂ ಕುರ್ಚಿಯಿದೆ. ಮಳೆ ಬಂದಾಗ ಅವಳು ಸೀಟಿ ಊದುವುದಿಲ್ಲ, "ಛಾವಣಿ" ಎಂದೇ ಕೂಗುತ್ತಾಳೆ. ಕಚೇರಿಯವರೂ ಓಡಿಬರುತ್ತಾರೆ.

ಹೊಸ ಹೊದಿಕೆಯ ಮೇಲೆ ಅಜ್ಜಿ ರಬ್ಬರ್ ಬೂಟು ಹಾಕಿಕೊಂಡು ಬಾಯಿ ಮುಚ್ಚಿ ನಿಂತಿದ್ದಾರೆ. ಕೆಳಗೆ 'ಯೂಲಾಲಿ ಪಿನ್ನಕ್, ಮ್ಯಾಂಗೋ ಪಾಯಿಂಟ್' ಎಂದಿದೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ಹೆಂಗಿದೆ ಅಜ್ಜಿ?"

"ಈಗ ನಾನೇ" ಎಂದರು. ಚಾಕೊಲೇಟ್ ಮುರಿದು ಬಾಯಿಗೆ ಹಾಕಿಕೊಂಡು, "ಸಕ್ಕರೆ ಜಾಸ್ತಿ. ಮಂಗಳವಾರ ಹೇಳು" ಎಂದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇದು ಕಡಲಾಚೆಯ ಕಥೆ ಎಂದು ಮಡಿಸಿಡಬೇಡಿ. ನಿಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಜನರಿದ್ದಾರೆ. ನಮ್ಮ ಹಿರಿಯರ ಹಾಗೆ ಅವರ ಹಿರಿಯರೂ ಆಫ್ರಿಕಾದಿಂದ ಬಂದವರೇ. ಕಾರ್ಯಕ್ರಮದಲ್ಲಿ ಕುಣಿಯಲು ಅವರನ್ನು ಕರೆಯುತ್ತೀರಿ, ಫೋಟೋ ತೆಗೆಯುತ್ತೀರಿ. ಅವರ ಹೆಸರು ಕೇಳಿದ್ದೀರಾ? ನಿಮ್ಮ ಸಂಘದಲ್ಲಿ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ ಯಾರ ಚಿತ್ರ ಗೋಡೆಯ ಮೇಲಿದೆ, ಯಾರ ಕುರ್ಚಿ ಮೇಜಿನ ಹತ್ತಿರ ಇಲ್ಲ, ನಾಳೆಯೇ ಒಮ್ಮೆ ನೋಡಿ. ಚಿತ್ರ ಹಾಕುವ ಮೊದಲು ಒಪ್ಪಿಗೆ ಪಡೆಯಿರಿ. ಹಿರಿಯರನ್ನು ಕೂರಿಸಿಕೊಂಡು ಅವರ ಕಥೆ ಬರೆದಿಡಿ. ಕೆಲಸ ಬಲ್ಲವರಿಗೆ ಕೆಲಸದ ಅಧಿಕಾರವನ್ನೂ ಕೊಡಿ. ಹಬ್ಬ ಒಂದು ದಿನ ಇರಲಿ, ಕುರ್ಚಿ ವರ್ಷವಿಡೀ ಇರಲಿ.

ನಿಮ್ಮ ಪಕ್ಕದಲ್ಲೂ ಮಳೆಯ ವಾಸನೆ ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಮೊದಲ ಹನಿ ಬೀಳುವ ಮುಂಚೆ ಅವರನ್ನು ಕೇಳಿ.