ದೋಣಿಗಳು ಮುಖ ತಿರುಗಿಸಿದಾಗ

ಥೆಲ್ಮಾ ಗಾರ್ಬಟ್ ಆ ನೀಲಿ ಪುಸ್ತಕವನ್ನು ಒಗೆದ ರಭಸಕ್ಕೆ ಅಂಗಡಿಕಟ್ಟೆಯ ಮೇಲಿದ್ದ ವಿನೆಗರ್ ಬಾಟಲಿ ಉರುಳಿಬಿತ್ತು.

"ಓದು ಪಾಲಿನ್, ಏಳನೇ ಪುಟ. ನಿನ್ ಅಂಗಡಿ ಬಗ್ಗೆ ಏನ್ ಬರ್ದಿದಾರೆ ಓದು."

ಕರಿದ ಮೀನಿನ ಅಂಗಡಿಯ ಪಾಲಿನ್ ಕೈಗೆ ಮೆತ್ತಿದ್ದ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು, ಕನ್ನಡಕವನ್ನು ಹಣೆಯಿಂದ ಇಳಿಸಿ ಓದಿದಳು. "'ಸಮುದ್ರತೀರದಲ್ಲಿ ಊಟ ತಿಂಡಿಗೆ ಹಲವು ಆಯ್ಕೆಗಳಿವೆ.' ಅಷ್ಟೇನಾ?"

"ಅಷ್ಟೇ! ನಾನೇನ್ ಬರ್ದಿದ್ದೆ? 'ಪಾಲಿನ್ ಬಳಿ ಹ್ಯಾಡಕ್ ಮೀನನ್ನೇ ಕೇಳಿ. ಕಾಡ್ ಮೀನು ಕೇಳಿದರೆ ನೀವು ದಕ್ಷಿಣ ಇಂಗ್ಲೆಂಡಿನವರೆಂದು ತಿಳಿದು ಚಿಕ್ಕ ತುಂಡು ಹಾಕುತ್ತಾಳೆ. ಬಾಣಲೆಯಲ್ಲಿ ಉದುರಿದ ಹಿಟ್ಟಿನ ಚೂರುಗಳನ್ನು ಬಾಯಿಬಿಟ್ಟು ಕೇಳಿದವರಿಗೆ ಬಿಟ್ಟಿ ಕೊಡುತ್ತಾಳೆ, ಕೇಳದವರಿಗೆ ಕೊಡುವವಳಲ್ಲ.' ಎಲ್ಲಾ ಹೋಯ್ತು."

"ಚಿಕ್ಕ ತುಂಡಿನ ವಿಷ್ಯ ಹೋಗಿದ್ದು ಒಳ್ಳೇದೇ ಆಯ್ತು ಬಿಡು."

"ನಗಬೇಡ. ನಂಗೆ ಮೈಯೆಲ್ಲ ಉರೀತಿದೆ."

ಉರಿಯದೆ ಏನು ಮಾಡೀತು? ಮೂವತ್ತೊಂದು ವರ್ಷ ಮಾರ್ಸ್‌ಬಿಗೆ ಬಂದಿಳಿದವರ ಕೈಗೆ ಸಿಗುತ್ತಿದ್ದುದು ಥೆಲ್ಮಾಳ 'ನಮ್ಮ ಮಾರ್ಸ್‌ಬಿ', ಹಳದಿ ರಟ್ಟಿನ ನಲವತ್ತು ಪುಟದ ಪುಸ್ತಕ. ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಕಾಲದಲ್ಲಿ, ಬಂದವರೆಲ್ಲ ಕೇಳಿದ್ದನ್ನೇ ಕೇಳುತ್ತಾರೆಂದು ಬೇಸತ್ತು ಬರೆದದ್ದು. ಗಾಳಿ ಹೊಡೆಯದ ಬೆಂಚು ಯಾವುದು, ಯಾವ ಸಾರ್ವಜನಿಕ ಶೌಚಾಲಯದಲ್ಲಿ ಬಿಸಿನೀರು ಬರುತ್ತದೆ, ಯಾವ ವಸತಿಗೃಹದ ಒಡತಿ ಬೆಳಗಿನ ತಿಂಡಿಗೆ ಸಾಸೇಜನ್ನು ಎಣಿಸಿ ಹಾಕುತ್ತಾಳೆ, ಎಲ್ಲವೂ ಅದರಲ್ಲಿತ್ತು. ಬೈದದ್ದೂ ಪ್ರೀತಿಯಿಂದಲೇ. ಹೆತ್ತವಳಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಮಳೆ ಗಾಳಿಯ ಈ ಊರು ಥೆಲ್ಮಾಳಿಗೆ ಹಾಗೆ. ಈ ವರ್ಷ ಪುರಸಭೆಯ ಪ್ರವಾಸೋದ್ಯಮ ಸಮಿತಿ ಅವಳಿಗೆ ಒಂದು ಮಾತೂ ಹೇಳದೆ ನೀಲಿ ರಟ್ಟಿನ 'ಮಾರ್ಸ್‌ಬಿ ಅನುಭವ' ತಂದಿತ್ತು. ಕೊನೆಯ ಪುಟದಲ್ಲಿ, ಮುದ್ರಕರ ಹೆಸರಿನ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ 'ಶ್ರೀಮತಿ ಗಾರ್ಬಟ್ ಅವರಿಗೆ ಕೃತಜ್ಞತೆಗಳು' ಎಂದಿತ್ತು. ಹೊಟ್ಟೆಗೆ ಬೆಂಕಿ ಹಾಕಿದ್ದು ಆ ಸಾಲೇ.

ಅಂಗಡಿಯಿಂದ ನೆಟ್ಟಗೆ ಗ್ರಂಥಾಲಯಕ್ಕೆ ಹೋದಳು. ಸಮಿತಿಯ ಅಧ್ಯಕ್ಷ ಡೆಸ್ಮಂಡ್ ಪೆಕ್ ಅಲ್ಲಿನ ಮೂಲೆಯ ಮೇಜಿನಲ್ಲಿ ಕೂತಿದ್ದ. ಯಾರು ಏನು ಬೈದರೂ ತಲೆದೂಗುವ ಮನುಷ್ಯ. ಆ ತಲೆದೂಗುವಿಕೆಯೇ ಅವಳಿಗೆ ಆಗುತ್ತಿರಲಿಲ್ಲ.

"ಥೆಲ್ಮಾ, ಕೂತ್ಕೊಳ್ಳಿ. ಟೀ ತರಿಸ್ಲಾ?"

"ನಿನ್ ಟೀ ನೀನೇ ಕುಡಿ. ನಮ್ಮಪ್ಪನ ಮಾತು ಎಲ್ಲಿ?"

"ಯಾವ ಮಾತು?"

"ಕುದುರೆಬೆನ್ನಿನ ಪುಟದ್ದು! ಮೂವತ್ತೊಂದು ವರ್ಷದಿಂದ ಅಚ್ಚಾಗಿರೋದು."

ಕುದುರೆಬೆನ್ನು ಎಂದರೆ ಇಳಿತದ ಹೊತ್ತಿನಲ್ಲಿ ಕೊಲ್ಲಿಯ ನಡುವೆ ಎದ್ದು ಕಾಣುವ ಮರಳುದಿಬ್ಬ. ಸೀಲ್ ಎಂಬ ಕಡಲಪ್ರಾಣಿಗಳು ಬಿಸಿಲು ಕಾಯಿಸಿಕೊಳ್ಳಲು ಅಲ್ಲಿಗೆ ಬರುತ್ತವೆ, ಅವುಗಳನ್ನು ನೋಡಲು ಜನ ನಡೆದು ಹೋಗುತ್ತಾರೆ. ಉಬ್ಬರ ಶುರುವಾದರೆ ನೀರು ಮೊದಲು ತುಂಬುವುದು ಮುಂದೆ ಅಲ್ಲ, ದಿಬ್ಬಕ್ಕೂ ದಡಕ್ಕೂ ನಡುವಿನ ತಗ್ಗಿನಲ್ಲಿ, ಬೆನ್ನ ಹಿಂದೆ. ಥೆಲ್ಮಾಳ ಅಪ್ಪ ಮೀನುಗಾರ. ಮಕ್ಕಳಿಗೆ ಅವನು ಕಲಿಸಿದ್ದು ಒಂದೇ ಪಾಠ: ಬಂದರಿನ ಬಾಯಲ್ಲಿ ಮೂತಿಗೆ ಮಾತ್ರ ಹಗ್ಗ ಬಿಗಿದು ಕಟ್ಟಿದ ದೋಣಿಗಳನ್ನು ನೋಡುತ್ತಿರಿ. ಇಳಿತ ಇರುವವರೆಗೆ ಅವುಗಳ ಮೂತಿ ಊರಿನ ಕಡೆ. ನೀರು ಏರತೊಡಗಿದರೆ ಒಂದೊಂದೇ ಸಮುದ್ರದ ಕಡೆ ಹೊರಳುತ್ತವೆ. 'ದೋಣಿಗಳು ಮುಖ ತಿರುಗಿಸಿದಾಗ ನೀವೂ ತಿರುಗಿ. ಅಲ್ಲಿಯವರೆಗೆ ಆತುರವಿಲ್ಲ.' ಪುಸ್ತಕದಲ್ಲಿ ಥೆಲ್ಮಾ ಬರೆದಿದ್ದುದು ಹಾಗೆ.

"ಅಲ್ಲಿ ಉಬ್ಬರದ ವೇಳಾಪಟ್ಟಿ ಹಾಕಿದೀವಿ," ಎಂದ ಡೆಸ್ಮಂಡ್. "ಕೆಂಪು ಚೌಕದಲ್ಲಿ. ಇಷ್ಟು ಗಂಟೆ ಮೇಲೆ ಹೋಗ್ಬೇಡಿ ಅಂತ."

"ಕೆಂಪು ಚೌಕ! ರಜಕ್ಕೆ ಬಂದೋರು ಪಟ್ಟಿ ಓದ್ತಾರಾ? ಇದೇನು ಊರೋ, ಔಷಧಿ ಡಬ್ಬಿಯೋ?"

ಡೆಸ್ಮಂಡ್ ತಲೆದೂಗಿದ. "ನಿಮ್ ಬೇಜಾರು ನಂಗರ್ಥ ಆಗುತ್ತೆ."

"ನಿನ್ ತಲೆ ಅರ್ಥ ಆಗುತ್ತೆ!" ಎಂದು ಅವಳು ಕೂಗಿದ್ದಕ್ಕೆ ಪತ್ರಿಕೆ ಓದುತ್ತಿದ್ದ ಮುದುಕರೆಲ್ಲ ತಲೆ ಎತ್ತಿದರು.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟವರು ರಾತ್ರಿ ಮಲಗಿ ಎದ್ದರೆ ತಣ್ಣಗಾಗುತ್ತಾರೆ ಎನ್ನುವುದುಂಟು. ಥೆಲ್ಮಾ ಮಲಗಿ ಎದ್ದು ಇನ್ನಷ್ಟು ಕಾದಿದ್ದಳು. ಮಾರನೆಯ ದಿನ ಶನಿವಾರ, ಮೇ ಕೊನೆಯ ರಜೆಯ ಶುರು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹೋದ ವರ್ಷ ಉಳಿದ ಎರಡು ಪೆಟ್ಟಿಗೆ ಹಳದಿ ಪುಸ್ತಕಗಳಿದ್ದವು. ಚಕ್ರದ ಸಂತೆಚೀಲಕ್ಕೆ ಅವನ್ನು ತುಂಬಿಕೊಂಡು ಬೆಳಿಗ್ಗೆ ಎಂಟಕ್ಕೆಲ್ಲ ಹೊರಟಳು. ಬಸ್ ನಿಲ್ದಾಣ, ಐಸ್‌ಕ್ರೀಂ ಗೂಡು, ಗಾಲ್ಫ್ ಆಟದ ಟಿಕೆಟ್ ಮನೆ, ಎಲ್ಲಿ ಪುಸ್ತಕದ ಸ್ಟ್ಯಾಂಡ್ ಇತ್ತೋ ಅಲ್ಲೆಲ್ಲ ನೀಲಿಯನ್ನು ಎತ್ತಿ ಹಳದಿಯನ್ನು ಇಟ್ಟಳು.

ಕಡಲಕಟ್ಟೆಯ ಕಂಬಿಗೊರಗಿ ಪೈಪು ಸೇದುತ್ತಿದ್ದ ತಮ್ಮ ವಿಲ್ಫ್ ಅವಳನ್ನು ನೋಡಿದ. "ಏನಕ್ಕಾ, ಬೆಳಿಗ್ಗೆ ಬೆಳಿಗ್ಗೆ ಕಳ್ತನಕ್ಕೆ ಇಳ್ದಿದೀಯಾ?"

"ಕಸ ಗುಡಿಸ್ತಿದೀನಿ."

"ಎಪ್ಪತ್ತೆರಡಾಯ್ತು. ಪೊಲೀಸ್ ಸ್ಟೇಷನ್ನಲ್ಲಿ ಕೂರ್ಸಿದ್ರೆ ಬಿಡಿಸ್ಕೊಂಡು ಬರೋಕೆ ನಾನ್ ಬರಲ್ಲ, ನೋಡು."

"ಬರ್ಬೇಡ. ನಿನ್ ದೋಣೀನೇ ಆ ಪುರಸಭೆಯೋರಿಗೆ ಮಾರ್ಕೊಂಡೋನು ನೀನು," ಎಂದು ತಿರುಗಿ ನೋಡದೆ ಹೋದಳು. ವಿಲ್ಫ್ ಪೈಪನ್ನು ಕಂಬಿಗೆ ಕುಟ್ಟಿದ.

ಹತ್ತರ ರೈಲಿಗೆ ನಾಟಿಂಗ್‌ಹ್ಯಾಮ್‌ನಿಂದ ಒಂದು ಸಂಸಾರ ಇಳಿಯಿತು. ತಾಯಿ, ಇಬ್ಬರು ಹೆಣ್ಣುಮಕ್ಕಳು, ನೇರಳೆ ಟೋಪಿಯ ಅಜ್ಜಿ. ಥೆಲ್ಮಾ ಹಳದಿ ಪುಸ್ತಕವನ್ನು ಅವರ ಕೈಗೇ ಕೊಟ್ಟಳು. ಅಜ್ಜಿ ಅಲ್ಲೇ ನಿಂತು ಸಾಸೇಜು ಎಣಿಸುವ ಒಡತಿಯ ಪುಟ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾರು ತಾಯಿ ಇದನ್ನ ಬರ್ದಿದ್ದು? ಇವ್ಳ ಬಾಯಿಗೆ ಸಕ್ಕರೆ ಹಾಕ್ಬೇಕು."

"ನಾನೇ," ಎಂದಳು ಥೆಲ್ಮಾ. ಎರಡು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖ ಸಡಿಲವಾಯಿತು. "ಮಕ್ಕಳ್ನ ಕುದುರೆಬೆನ್ನಿಗೆ ಕರ್ಕೊಂಡು ಹೋಗಿ. ಇವತ್ತು ಸೀಲ್ ಇರ್ತವೆ. ಹದಿನಾಲ್ಕನೇ ಪುಟ ನೋಡಿ, ಎಲ್ಲಾ ಇದೆ."

ಮಧ್ಯಾಹ್ನ ಮೂರರ ಹೊತ್ತಿಗೆ ಥೆಲ್ಮಾ ಅಡಿಗೆಮನೆಯಲ್ಲಿ ಗೆದ್ದವಳ ಹಾಗೆ ಕಾಲು ಚಾಚಿ ಟೀ ಕುಡಿಯುತ್ತಿದ್ದಳು. ಬೀದಿಯಲ್ಲಿ ಟ್ರ್ಯಾಕ್ಟರ್ ಗುಡುಗಿತು. ಆ ಸದ್ದು ಮಾರ್ಸ್‌ಬಿಯಲ್ಲಿ ಯಾರಿಗೂ ಹೊಸದಲ್ಲ. ಜೀವರಕ್ಷಕ ದೋಣಿಯನ್ನು ಮರಳಿನ ಮೇಲೆ ನೀರಿಗೆ ಎಳೆದೊಯ್ಯುವ ಟ್ರ್ಯಾಕ್ಟರ್ ಅದು. ಕಿಟಕಿಯಿಂದ ನೋಡಿದರೆ ಪಾಲಿನ್‌ಳ ಗಂಡ, ಆ ದೋಣಿಯ ಸ್ವಯಂಸೇವಕ, ಏಪ್ರನ್ನಿನಲ್ಲೇ ಓಡುತ್ತಿದ್ದ.

"ಯಾರು?" ಎಂದು ಕೂಗಿದಳು.

"ಕುದುರೆಬೆನ್ನು! ನಾಲ್ಕು ಜನ!"

ಆ ಗಳಿಗೆಯಲ್ಲಿ ಥೆಲ್ಮಾಳಿಗೆ ಬಂದದ್ದು ಭಯವಲ್ಲ, ಸಿಟ್ಟು. ನಾನು ಹೇಳಲಿಲ್ಲವೇ? ಪಟ್ಟಿ ಓದುತ್ತಾರಾ ಎಂದು ಕೇಳಲಿಲ್ಲವೇ? ಸಂತೆಚೀಲದಿಂದ ಒಂದು ನೀಲಿ ಪುಸ್ತಕ ಎಳೆದುಕೊಂಡು, ಮನೆಯ ಚಪ್ಪಲಿಯಲ್ಲೇ ಇಳಿಜಾರಿನ ದಾರಿ ಹಿಡಿದಳು.

ರಜೆಯ ಜನಜಂಗುಳಿ ದಾಟಿ ಅವಳು ತಲುಪುವಷ್ಟರಲ್ಲಿ ಜೀವರಕ್ಷಕ ದೋಣಿ ಮರಳಿತ್ತು. ಅಜ್ಜಿಯನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು. ಮುಖದ ಮೇಲೆ ಆಮ್ಲಜನಕದ ಮುಖವಾಡ, ನೇರಳೆ ಟೋಪಿ ಇರಲಿಲ್ಲ; ಥೆಲ್ಮಾಳಿಗೆ ಗುರುತು ಹತ್ತಲಿಲ್ಲ. ಡೆಸ್ಮಂಡ್ ಮೊಣಕಾಲಿನವರೆಗೆ ಒದ್ದೆಯಾಗಿ ಕಂಬಳಿ ಹಂಚುತ್ತಿದ್ದ. ಥೆಲ್ಮಾ ಅವನ ಎದೆಗೆ ಪುಸ್ತಕ ಒತ್ತಿದಳು.

"ನೋಡಿದ್ಯಾ? ನೋಡಿದ್ಯಾ ನಿನ್ ಕೆಂಪು ಚೌಕದ ಯೋಗ್ಯತೆ? ಆ ಮುದುಕಿ ಸತ್ರೆ ನಿನ್ ತಲೆ ಮೇಲೆ! ನಮ್ಮಪ್ಪನ ಒಂದ್ ಮಾತು ಇದ್ದಿದ್ರೆ ಇವ್ರು ಒಣಗಿದ ಕಾಲಲ್ಲಿ ಮನೆಗೆ ಬರ್ತಿದ್ರು!"

ಡೆಸ್ಮಂಡ್ ಈ ಸಲ ತಲೆದೂಗಲಿಲ್ಲ. ಅವಳ ಭುಜದಾಚೆ ನೋಡಿದ. ಅಲ್ಲಿ ಕಂಬಳಿ ಸುತ್ತಿಕೊಂಡ ಚಿಕ್ಕ ಹುಡುಗಿ, ಒಂದೇ ಕಾಲಲ್ಲಿ ಬೂಟು, ಥೆಲ್ಮಾಳನ್ನೇ ದಿಟ್ಟಿಸುತ್ತಿದ್ದಳು.

"ಅಮ್ಮಾ, ಇವ್ರೇ ಅಲ್ವಾ? ಪುಸ್ತಕದ ಅಜ್ಜಿ?"

ತಾಯಿಯ ಹಲ್ಲು ಕಟಕಟ ಎನ್ನುತ್ತಿತ್ತು. ಕೋಟಿನ ಜೇಬಿನಿಂದ ಒದ್ದೆ ಮುದ್ದೆಯಾದದ್ದೊಂದನ್ನು ತೆಗೆದಳು. ಹಳದಿ ರಟ್ಟು.

"ನೀವು ಬರ್ದಂಗೇ ಮಾಡಿದ್ವಿ," ಎಂದಳು. ದೂರುವ ದನಿಯಲ್ಲ, ಒಪ್ಪಿಸುವ ದನಿ. "ಐದೈದು ನಿಮಿಷಕ್ಕೂ ನೋಡ್ತಾನೇ ಇದ್ವಿ. ಇವ್ಳಿಗೆ ಅದೇ ಕೆಲ್ಸ ಕೊಟ್ಟಿದ್ದೆ, ದೋಣಿ ನೋಡೋದು. ಅಲ್ಲಿ ಇದ್ದಿದ್ದು ಒಂದೇ ದೋಣಿ. ಅದು ಊರಿನ್ ಕಡೇನೇ ನೋಡ್ತಿತ್ತು. ನಮ್ಮಮ್ಮ ಅಂದ್ಲು, ಆತುರ ಇಲ್ಲ ಅಂತ ಬರ್ದಿದಾರೆ ಕೂತ್ಕೊಳ್ಳೇ ಅಂತ. ಹಿಂದೆ ತಿರುಗಿದ್ರೆ ನೀರು ಎದೆ ಮಟ್ಟ ಇತ್ತು."

"ಅದು ತಿರುಗ್ಲೇ ಇಲ್ಲ," ಎಂದಳು ಹುಡುಗಿ. "ನಾನ್ ಕಣ್ಣು ತೆಗೀಲೇ ಇಲ್ಲ. ನಿಜವಾಗ್ಲೂ."

"ನಿನ್ ತಪ್ಪಲ್ಲ ಚಿನ್ನ," ಎಂದ ಡೆಸ್ಮಂಡ್. ಥೆಲ್ಮಾಳ ಜೊತೆ ಒಂದು ಮಾತು ಆಡಿದ್ದರೆ ಅವಳು ಹತ್ತು ಆಡುತ್ತಿದ್ದಳು. ಹಾಳಾದವನು ಇನ್ನೊಂದು ಕಂಬಳಿ ತರಲು ಹೋದ. ಆಂಬುಲೆನ್ಸ್ ಹೊರಟಿತು. ಅಜ್ಜಿಗೆ ಉಸಿರು ಇದೆ, ಶ್ವಾಸಕೋಶಕ್ಕೆ ನೀರು ಹೋಗಿದೆ, ರಾತ್ರಿ ಕಳೆದರೆ ಸರಿ ಎಂದು ಯಾರೋ ಅಂದರು.

ಥೆಲ್ಮಾ ಕಂಬಿಯ ಬಳಿ ಬಂದು ಕೊಲ್ಲಿಯನ್ನು ನೋಡಿದಳು. ಬೆಳಿಗ್ಗೆ ಎದ್ದರೆ ದಿನವೂ ನೋಡುವ ಕೊಲ್ಲಿ. ಹನ್ನೊಂದು ದೋಣಿಗಳ ಕೊಲ್ಲಿ. ಒಂದೊಂದರ ಹೆಸರನ್ನೂ ನಿದ್ದೆಗಣ್ಣಲ್ಲಿ ಹೇಳಬಲ್ಲಳು. ಈಗ ಎಣಿಸಿದರೆ, ಉಳಿದವು ವರ್ಷ ವರ್ಷ ಮಾರಿಹೋಗಿ, ಒಂದೇ ಇತ್ತು, ಕ್ಲಾರಾ. ಅಮ್ಮನ ಹೆಸರಿಟ್ಟ ಅಪ್ಪನ ದೋಣಿ. ಆಮೇಲೆ ವಿಲ್ಫ್‌ನದು, ಆಮೇಲೆ ಪುರಸಭೆಯದು. ನಾಲ್ಕು ವರ್ಷದ ಹಿಂದೆ ಬಣ್ಣ ಬಳಿದು, ದೀಪದ ಸರ ಹೊದಿಸಿ ಬಂದರಿನ ಬಾಯಲ್ಲಿ ನಿಲ್ಲಿಸಿದಾಗ ರಿಬ್ಬನ್ ಕತ್ತರಿಸಿದವಳೇ ಥೆಲ್ಮಾ. ಆ ವರ್ಷ ಪುಸ್ತಕದ ಇಪ್ಪತ್ತನೇ ಪುಟಕ್ಕೆ ದೀಪಗಳ ಬಗ್ಗೆ ಎರಡು ಸಾಲು ಸೇರಿಸಿದ್ದಳು. ಹದಿನಾಲ್ಕನೇ ಪುಟವನ್ನು ಮುಟ್ಟಿರಲಿಲ್ಲ.

ವಿಲ್ಫ್ ಪಕ್ಕಕ್ಕೆ ಬಂದು ನಿಂತ.

"ಹೇಗೆ ಕಟ್ಟಿದೀಯೋ ಅದನ್ನ?" ಎಂದಳು, ಗೊತ್ತಿದ್ದೂ.

"ಮುಂದೊಂದು ಸರಪಳಿ, ಹಿಂದೊಂದು. ಹೊರಳಿದ್ರೆ ದೀಪದ ತಂತಿ ಹರ್ಕೊಳ್ಳುತ್ತೆ ಅಂತ ಪುರಸಭೆಯೋರೇ ಹೀಗೆ ಕಟ್ಟಿಸಿದ್ರು."

"ನಂಗ್ಯಾಕೆ ಹೇಳ್ಲಿಲ್ಲ? ಪುಸ್ತಕದಲ್ಲಿ ಹಂಗಿದೆ ಅಂತ ಗೊತ್ತಿರ್ಲಿಲ್ವೇನೋ ನಿಂಗೆ?"

"ನಿನ್ ಪುಸ್ತಕ ನಾನ್ಯಾವತ್ತು ಓದಿದೀನಿ?" ಎಂದ ವಿಲ್ಫ್. "ಈ ಊರಲ್ಲಿ ಯಾರ್ ಓದಿದಾರೆ? ಅದ್ರಲ್ಲಿರೋದೆಲ್ಲ ನಮಗೆ ಗೊತ್ತಿರೋದೇ ಅಲ್ವಾ."

ಅವನಿಗೆ ಹೊಡೆಯಬೇಕೆನಿಸಿತು. ಕೈ ಎತ್ತಿಯೂ ಎತ್ತಿದಳು. ಎತ್ತಿದ ಕೈಯಲ್ಲಿ ನೀಲಿ ಪುಸ್ತಕ ಇನ್ನೂ ಇತ್ತು.

ಚಪ್ಪಲಿಯನ್ನೂ ಬದಲಿಸದೆ ಮನೆಯಿಂದ ಸಂತೆಚೀಲ ತಂದು, ಸಂಜೆಯವರೆಗೆ ಅದನ್ನು ಎಳೆದುಕೊಂಡು ಬೆಳಗಿನ ದಾರಿಯಲ್ಲೇ ತಿರುಗಿದಳು. ಗಾಲ್ಫ್ ಆಟದ ಟಿಕೆಟ್ ಮನೆ, ಐಸ್‌ಕ್ರೀಂ ಗೂಡು, ಬಸ್ ನಿಲ್ದಾಣ, ರೈಲು ನಿಲ್ದಾಣ. ಹಳದಿಯನ್ನು ಎತ್ತಿ ನೀಲಿಯನ್ನು ಇಟ್ಟಳು. ಬೆಂಚುಗಳ ಮೇಲೆ ಹಳದಿ ಪುಸ್ತಕ ಓದುತ್ತಾ ಕೂತವರ ಕೈಯಿಂದ "ಕೊಡಿ ಇಲ್ಲಿ" ಎಂದು ಕಿತ್ತುಕೊಂಡಳು. ಒಬ್ಬ ಕೊಡಲಿಲ್ಲ. "ಚೆನ್ನಾಗಿದೆ ಕಣಮ್ಮಾ, ಯಾಕೆ?" ಎಂದ. ಅವನ ಮೇಲೆ ಎಗರಿಬಿದ್ದಳು. ಬೆಳಿಗ್ಗೆ ಇಟ್ಟದ್ದು ನೂರ ಇಪ್ಪತ್ತು, ಸಿಕ್ಕಿದ್ದು ಎಂಬತ್ತರ ಹತ್ತಿರ. ಉಳಿದವು ಯಾರ ಯಾರ ಜೇಬಿನಲ್ಲೋ ಊರು ತಿರುಗುತ್ತಿದ್ದವು.

ಕೊನೆಗೆ ದೋಣಿ ಇಳಿಸುವ ಇಳಿಜಾರಿಗೆ ಬಂದಳು. ಇಳಿತ ಇನ್ನೂ ಮುಗಿದೇ ಇಲ್ಲ ಎನ್ನುವ ಹಾಗೆ ಕ್ಲಾರಾ ಊರನ್ನೇ ನೋಡುತ್ತಿತ್ತು. ಅದರ ಬೆನ್ನಿಗೆ ತುಂಬು ಉಬ್ಬರ ಬಂದು ಬಡಿಯುತ್ತಿತ್ತು. ದೀಪ ಹೊತ್ತುವ ಗಂಟೆ ಆಗುತ್ತಲೇ ಅವು ಮೂತಿಯಿಂದ ಬಾಲದವರೆಗೆ ಒಂದೊಂದೇ ಹೊತ್ತಿಕೊಂಡವು. ಕಡಲಕಟ್ಟೆಯ ಮೇಲಿದ್ದವರು ಓ ಎಂದರು, ಫೋನು ಎತ್ತಿದರು.

"ತಿರುಗೇ!" ಎಂದು ಥೆಲ್ಮಾ ಕಿರುಚಿದಳು. "ತಿರುಗೇ, ಕ್ಲಾರಾ!"

ಚಿಪ್ಸ್ ತಿನ್ನುತ್ತಿದ್ದವರು ಇಣುಕಿ ನೋಡಿದರು. ಸರಪಳಿ ಒಮ್ಮೆ ಬಿಗಿದು ಸಡಿಲವಾಯಿತು. ನೀರು ದೋಣಿಯ ಎರಡೂ ಪಕ್ಕದಿಂದ ಸರಿದು, ಇಳಿಜಾರು ಏರಿ, ಅವಳ ಮನೆಯ ಚಪ್ಪಲಿಯನ್ನು ತೋಯಿಸಿತು.