ಕರಿಬಸಪ್ಪನ ಜೋಡಿ ಬಾಕ್ಸು

ಅಮರಗುಂಡಪ್ಪ ಆಂಪ್ಲಿಫೈಯರಿನ ಗುಂಡಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಅಂಗಳದಲ್ಲಿ ಜೋಡಿಯಾಗಿ ಇಟ್ಟಿದ್ದ ಸ್ಪೀಕರ್ ಬಾಕ್ಸುಗಳು ಕಿರುಚಿದವೇ ಹೊರತು ಹಾಡಲಿಲ್ಲ. ಭಜನೆಯವರ ದನಿ ಬರುತ್ತಿತ್ತು. ಡಗ್ಗಾದ ಪೆಟ್ಟು ಮಾತ್ರ ಎಲ್ಲೋ ಇಂಗಿಹೋಗುತ್ತಿತ್ತು.

“ಬಂದ್ ಮಾಡೋ ತಮ್ಮಾ, ತಗಡು ಬಡದಂಗ ಕೇಳಾಕತ್ತೈತಿ,” ಎಂದ ಭಜನೆಯ ಆದಪ್ಪ.

ಕಟ್ಟೆಯ ಮೇಲೆ ಯಾರೋ ನಕ್ಕರು. “ಕಿವುಡ ಮಾಡಿದ ಸೆಟ್ಟು ಅದು. ಅಂವ ಹೋದ, ಅದೂ ಹೋತು ಬಿಡ್ರಿ.”

ಕಿವುಡ ಎನ್ನಿಸಿಕೊಂಡ ಕರಿಬಸಪ್ಪ ಮಂಟಪದಲ್ಲಿ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಗೋಡೆಗೆ ಆತು ಕುಳಿತಿದ್ದ. ಮಸ್ಕಿಯ ಈ ಓಣಿಯಲ್ಲಿ ಇಪ್ಪತ್ತು ವರ್ಷ ರೇಡಿಯೋ, ಟೇಪು ರಿಪೇರಿ ಮಾಡಿ, ಐವತ್ತೆಂಟನೆಯ ವಯಸ್ಸಿಗೆ ತೀರಿಕೊಂಡಿದ್ದ. ಪಕ್ಕದಲ್ಲಿ ಕುಳಿತ ಹೆಂಡತಿ ಶಿವಬಸಮ್ಮ ಬೆಳಗಿನಿಂದ ಕೇಳಿದ್ದು ಒಂದೇ ಮಾತು. ಅವನು ತನ್ನ ಕೈಯಾರೆ ಮಾಡಿದ ಬಾಕ್ಸುಗಳ ಹಾಡಿನಲ್ಲೇ ಮಣ್ಣಿಗೆ ಹೋಗಬೇಕು. ಬಾಡಿಗೆಯ ಸೆಟ್ಟು ಬೇಡ.

ಮೈದುನ ಅಮರಗುಂಡಪ್ಪ ಬಂದು ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. “ವೈನಿ, ನನ್ನ ಕಡಿಂದ ಆಗವಲ್ದು. ಮೂರಕ್ಕ ಎತ್ತಬೇಕು ಅಂತಾರ. ಸಿಂಧನೂರಿಂದ ಅಲ್ಲಾಭಕ್ಷ್ ಮಣ್ಣಿಗೆ ಬಂದಾನ. ಅವನ ವ್ಯಾನಿನ್ಯಾಗ ಹೊಸಾ ಸೆಟ್ಟೈತಿ. ಹಚ್ಚಿಸಿಬಿಡ್ಲೇನು?”

ಅಲ್ಲಾಭಕ್ಷ್ ಬಾಗಿಲ ಬಳಿ ನಿಂತಿದ್ದ. ಕೆಲಸವನ್ನು ಕರಿಬಸಪ್ಪನ ಅಂಗಡಿಯಲ್ಲೇ ಕಲಿತು, ಸಿಂಧನೂರಿನಲ್ಲಿ ಸೆಟ್ಟು ಬಾಡಿಗೆಗೆ ಕೊಡುತ್ತಿದ್ದವನು. ಶಿವಬಸಮ್ಮನ ಮುಖವನ್ನು ಒಮ್ಮೆ ನೋಡಿ, ಅಂಗಿಯ ಜೇಬು ತಟ್ಟಿಕೊಂಡ.

“ವ್ಯಾನಿನ ಕೀಲಿ ಎಲ್ಲಿ ಬಿತ್ತೋ ಏನೋ, ಸಿಗವಲ್ದ್ರೀ. ಒಂದು ಅರ್ಧ ತಾಸು ತಡೀರಿ, ಹುಡುಕತೀನಿ.”

ಕೀಲಿಯ ಬಳೆ ಅವನ ಪ್ಯಾಂಟಿನ ಜೇಬಿನಿಂದ ಇಣುಕುತ್ತಿತ್ತು. ಶಿವಬಸಮ್ಮ ಅದನ್ನು ನೋಡಿದಳು. ನೋಡಿದ್ದನ್ನು ಅವನೂ ನೋಡಿದ.

*

ಎಂಬತ್ತೈದನೆಯ ಇಸವಿಯಲ್ಲಿ ಬಂದ ಜ್ವರ ಕರಿಬಸಪ್ಪನ ಕಿವಿ ತೆಗೆದುಕೊಂಡು ಹೋಯಿತು. ಹದಿನೈದು ದಿನ ಅಂಗಡಿ ಬಾಗಿಲು ತೆರೆಯಲಿಲ್ಲ. ಹದಿನಾರನೆಯ ದಿನ ಶಿವಬಸಮ್ಮ ತಾನೇ ಕದ ತೆಗೆದು, ಕಸ ಹೊಡೆದು, ಒಳಗಿನ ಪರದೆಯ ಹಿಂದೆ ಬೇಳೆಯ ಮೊರ ಇಟ್ಟುಕೊಂಡು ಕುಳಿತಳು. ಗಿರಾಕಿಯ ರೇಡಿಯೋ ಹಚ್ಚಿದಾಗ ಪರದೆಯ ಸಂದಿನಿಂದ ಕೈ ತೋರಿಸಿದಳು. ಗುಂಯ್‌ಗುಟ್ಟಿದರೆ ಒಂದು ಬೆರಳು. ಗರಗರ ಅಂದರೆ ಎರಡು. ದನಿ ಪೊಳ್ಳಾಗಿದ್ದರೆ ಮೂರು. ಎಲ್ಲ ಸರಿಯಿದ್ದರೆ ಐದೂ ಬೆರಳು ಬಿಡಿಸಿದ ಅಂಗೈ. ಕಿವುಡ ಹೇಗೆ ರಿಪೇರಿ ಮಾಡುತ್ತಾನೆಂದು ಊರು ಬೆರಗಾಯಿತು. ಆಕೆ ಬೇಳೆ ಆರಿಸುತ್ತಲೇ ಇದ್ದಳು.

ಮೂರು ವರ್ಷಕ್ಕೆ ಟೀವಿ ಬಂತು. ಅದರ ದನಿ ಹಿಂದೆ ಕುಳಿತವರಿಗೆ ಕೇಳದೆಂದು ಕರಿಬಸಪ್ಪ ಲಿಂಗಸುಗೂರಿನಿಂದ ಹಲಗೆ ತಂದು ಎರಡು ದೊಡ್ಡ ಬಾಕ್ಸು ಮಾಡಿದ. ಭಾನುವಾರ ಓಣಿಯ ಜನ ಪಡಸಾಲೆಯಲ್ಲಿ ಕಿಕ್ಕಿರಿದು, ಅದಕ್ಕೆ ಕರಿಬಸಪ್ಪನ ಥೇಟರ್ ಎಂದರು. ಅದಕ್ಕೂ ಮುಂಚೆ, ಮೊದಲ ದಿನ ಹಚ್ಚಿದಾಗ, ನಡುವೆ ಕುಳಿತ ಶಿವಬಸಮ್ಮ ಮೂರು ಬೆರಳು ಎತ್ತಿದ್ದಳು.

ಅವನು ಟಾರ್ಚ್ ಬ್ಯಾಟರಿಯಿಂದ ಒಂದು ಸೆಲ್ಲು ತೆಗೆದು, ತಂತಿಯಿಂದ ಬಾಕ್ಸಿನ ಸ್ಕ್ರೂಗಳಿಗೆ ಮುಟ್ಟಿಸಿದ. ಆಕೆಯ ಬೆರಳನ್ನು ಸ್ಪೀಕರಿನ ಕಾಗದದ ಮೇಲೆ ಇಡಿಸಿದ. ಒಂದರ ಕಾಗದ ಮುಂದೆ ಉಬ್ಬಿತು. ಇನ್ನೊಂದರದು ಒಳಕ್ಕೆ ಸರಿಯಿತು.

“ಒಂದು ಉಸುರು ಬಿಡಾಕತ್ತೈತಿ, ಇನ್ನೊಂದು ಎಳಕೊಳ್ಳಾಕತ್ತೈತಿ,” ಎಂದ, ಕಿವುಡರ ಗಟ್ಟಿ ದನಿಯಲ್ಲಿ. “ಕೂಡಿದ್ರ ಏನೂ ಉಳಿಯಂಗಿಲ್ಲ. ಎರಡೂ ಕೂಡೇ ಬಿಡಬೇಕು, ಕೂಡೇ ಎಳಕೋಬೇಕು. ಹೋಗು, ಕುಂಕುಮ ತಗೊಂಬಾ.”

ತಂತಿಯ ಕೆಂಪು ಎಳೆ ಸೇರಬೇಕಾದ ಸ್ಕ್ರೂವಿನ ಪಕ್ಕ, ಎರಡೂ ಬಾಕ್ಸಿನ ಬೆನ್ನಿಗೆ, ಕುಂಕುಮದ ಬೊಟ್ಟು ಇಟ್ಟ. ಮಾಸಿದಾಗಲೆಲ್ಲ ಆಕೆ ಮತ್ತೆ ಇಡುತ್ತಿದ್ದಳು.

*

ಆದಪ್ಪ ಇನ್ನೊಂದು ಪದ ಎತ್ತಿದ. ಡಗ್ಗಾ ಮತ್ತೆ ಇಂಗಿತು. ಶಿವಬಸಮ್ಮನ ಬಲಗೈ ತಾನಾಗಿ ಮೇಲೆದ್ದು ಮೂರು ಬೆರಳು ತೋರಿಸಿತು. ತೋರಿಸಿದ್ದು ಯಾರಿಗೆಂದು ಹೊಳೆದ ಮೇಲೆ ಕೈ ಇಳಿಸಿ, ಎದ್ದು ನಿಂತಳು.

“ಯಕ್ಕಾ, ಕುಂಡ್ರು,” ನೆರೆಮನೆಯ ಬಸವಣ್ಣೆಮ್ಮ ಸೆರಗು ಹಿಡಿದಳು. “ಗಂಡನ ಮಗ್ಗಲದಾಗ ಕುಂತಾಕಿ ಏಳಬಾರ್ದು. ಮಂದಿ ಏನಂತಾರ?”

“ಮಂದಿ ಆಗಲೇ ಅಂದಾರ, ನೀ ಕೇಳಿಲ್ಲೇನು? ಬಿಡವ್ವ.”

ಬಾಕ್ಸುಗಳ ಹಿಂದೆ ಹೋಗಿ ಬಗ್ಗಿ ನೋಡಿದಳು. ಹಲಗೆ ತೊಳೆದಂತಿತ್ತು. “ಇಲ್ಲಿ ಕುಂಕುಮ ಇತ್ತಲ್ಲ?”

ಬಸವಣ್ಣೆಮ್ಮನ ಮುಖ ಇಳಿಯಿತು. “ಹೊರಗ ತರೂ ಮುಂದ ನಾನಽ ಒರಸೀನಿ ಯಕ್ಕಾ. ಪೂಜಿ ಮಾಡಿದ್ದು ಅಂತ ತಿಳಿದೆ. ಇಂಥಾ ದಿನ ಕುಂಕುಮ ನಿನ್ನ ಕಣ್ಣಿಗೆ ಬಿದ್ರ ಸಂಕಟ ಆಗತೈತಿ ಅಂತ…”

ಶಿವಬಸಮ್ಮ ಆಕೆಯ ಕೈ ಹಿಡಿದು ಒತ್ತಿದಳು. “ಚಲೋ ಮಾಡೀ. ಧೂಳರ ಹೋತು. ಮನ್ಯಾಗಿನ ಬ್ಯಾಟರಿ ತಗೊಂಬಾ.”

ಬ್ಯಾಟರಿ ಬಂತು. ಅಲ್ಲಾಭಕ್ಷ್ ಹತ್ತಿರ ಬಂದು ತನ್ನ ಸ್ಕ್ರೂಡ್ರೈವರನ್ನು ಹಿಡಿ ಮುಂದೆ ಮಾಡಿ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದ. ಏನು ಕೆಟ್ಟಿದೆಯೆಂದು ಅವನಿಗೆ ಗೊತ್ತಿತ್ತು. ಕೈ ಹಾಕಲಿಲ್ಲ.

ಆಕೆ ಅಮರಗುಂಡಪ್ಪನ ಬೆರಳನ್ನು ಕಾಗದದ ಮೇಲೆ ಇಡಿಸಿ, ಸೆಲ್ಲಿನ ತಂತಿ ಮುಟ್ಟಿಸಿದಳು. “ಹೊರಗ ಬಂತೋ, ಒಳಗ ಹೋತೋ?”

“ಹೊರಗ.”

ಎರಡನೆಯದಕ್ಕೂ ಮುಟ್ಟಿಸಿ ಸರಿಯಾದ ಸ್ಕ್ರೂ ಗುರುತಿಸಿದಳು. ಆ ಬಾಕ್ಸಿನ ತಂತಿ ತಿರುಗುಮುರುಗಾಗಿತ್ತು. ಬಿಚ್ಚಿ, ಬದಲಿಸಿ, ಬಿಗಿದಳು.

“ಟ್ರ್ಯಾಕ್ಟರಿಗೆ ಏರಿಸುವಾಗ ಮತ್ತ ತಂತಿ ಬಿಚ್ಚತೀರಿ,” ಎಂದಳು. “ಗುರುತು ಬೇಕು.”

ಕುಂಕುಮದ ಭರಣಿಯನ್ನು ಬೆಳಗ್ಗೆಯೇ ಎತ್ತಿಟ್ಟಿದ್ದರು. ತರಲು ಯಾರಿಗೂ ಕಾಲು ಬರಲಿಲ್ಲ. ಶಿವಬಸಮ್ಮ ತೋರುಬೆರಳಿನಿಂದ ತನ್ನ ಹಣೆಯನ್ನು ಒರೆಸಿ, ಒಂದು ಬಾಕ್ಸಿಗೆ ಒತ್ತಿದಳು. ಮತ್ತೊಮ್ಮೆ ಒರೆಸಿ, ಇನ್ನೊಂದಕ್ಕೆ ಒತ್ತಿದಳು. ಸಂಜೆ ಬೇರೆಯವರು ಅಳಿಸಬೇಕಾದದ್ದು ಹಣೆಯ ಮೇಲೆ ಈಗ ಉಳಿದಿರಲಿಲ್ಲ. ಬಸವಣ್ಣೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

“ಹೂಂ, ಹೊಡೀರಿ ಡಗ್ಗಾ.”

ಮೊದಲ ಪೆಟ್ಟಿಗೇ ಕಟ್ಟೆಯ ಮೇಲೆ ಕುಳಿತವರು ನೆಟ್ಟಗಾದರು. ನೆಲ ಗುಡುಗಿತು. ಆದಪ್ಪನ ದನಿಗೆ ಮೈ ಬಂತು. ಮಂಟಪದ ಚೆಂಡುಹೂವಿನ ಸರ ಪೆಟ್ಟು ಪೆಟ್ಟಿಗೂ ಅದುರಿತು.

“ಉಸ್ತಾದರ ಕಿವಿ ಎಲ್ಲೈತಿ ಅಂತ ಇಷ್ಟು ವರ್ಷ ಹುಡುಕಿದ್ನಿ,” ಎಂದ ಅಲ್ಲಾಭಕ್ಷ್, ಕಟ್ಟೆಯವರಿಗೆ ಕೇಳುವಂತೆ. “ಪರದೇದ ಹಿಂದ ಬ್ಯಾಳಿ ಆರಸ್ತಿತ್ತು.” ಆಮೇಲೆ ಜೇಬಿಗೆ ಕೈ ಹಾಕಿ, “ಅರೇ, ಕೀಲಿ ಇಲ್ಲೇ ಐತ್ರೆಪಾ!”

ಮೂರಕ್ಕೆ ಟ್ರ್ಯಾಕ್ಟರು ಹೊರಟಿತು. ನಡುವೆ ಕರಿಬಸಪ್ಪ, ಆಚೆ ಈಚೆ ಅವನ ಬಾಕ್ಸುಗಳು. ದಾರಿಯಲ್ಲಿ ಲಿಂಗಸುಗೂರಿನ ಬಸ್ಸು ಬದಿಗೆ ನಿಂತಿತು. ಡ್ರೈವರ್ ಇಂಜಿನ್ ಆರಿಸಿದ. ಹಾಡು ಮನೆಗಳ ಮಾಳಿಗೆ ದಾಟಿ ಮಸ್ಕಿಯ ಗುಡ್ಡಕ್ಕೆ ಬಡಿದು ತಿರುಗಿ ಬಂತು.

ಶಿವಬಸಮ್ಮ ಹೊಸ್ತಿಲಲ್ಲಿ ನಿಂತು ಕೇಳಿದಳು. ಪೂರ್ತಿ ಕೇಳಿದ ಮೇಲೆ, ದೂರ ಸರಿಯುತ್ತಿದ್ದ ಟ್ರ್ಯಾಕ್ಟರಿನ ಕಡೆಗೆ ಬಲಗೈ ಎತ್ತಿದಳು. ಐದೂ ಬೆರಳು ಬಿಡಿಸಿದ್ದವು. ತೋರುಬೆರಳಿನ ತುದಿ ಇನ್ನೂ ಕೆಂಪಗಿತ್ತು.